ಮೂರು ಕಾಲಿನ ನಾಯಿಯನ್ನು ಮನೆಗೆ ತರಬಹುದೇ?

(ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: ಅಪಘಾತದಲ್ಲಿ ಒಂದು ಹಿಂಗಾಲು ಕಳೆದುಕೊಂಡ, ಇನ್ನೂ ವರ್ಷ ತುಂಬದ ಹೆಣ್ಣುನಾಯಿಯನ್ನು ಪ್ರಾಣಿಗಳ ಆಶ್ರಯಧಾಮದಲ್ಲಿ ಕಂಡ ಮಗಳು ಅದನ್ನೇ ತರೋಣವೆಂದು ಹಟ ಹಿಡಿದಿದ್ದಾಳೆ. ಸಾಕುವುದಾದರೆ ಆರೋಗ್ಯವಂತ ಲ್ಯಾಬ್ರಡಾರ್ ಮರಿಯನ್ನು ಕೊಳ್ಳೋಣವೆಂಬುದು ಪತಿಯ ಮಾತು. ಊನವಾದ ಪ್ರಾಣಿ ಮನೆಗೆ ಅಶುಭವೆಂಬುದು ಅತ್ತೆಯವರ ಅಂಜಿಕೆ. ಆ ಮೂಕಪ್ರಾಣಿ ಜೀವನವಿಡೀ ನರಳುವುದನ್ನು ನೋಡಲಾರೆ, ಏನು ಮಾಡಲಿ ಎಂದು ಕೇಳಿದ್ದಾರೆ.)

ಸಹೋದರಿ, ನಿಮ್ಮ ಪತಿಯವರ ಹಿಂಜರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ನಾಯಿ ಸಾಕುವುದೆಂದರೆ ಹತ್ತು ಹನ್ನೆರಡು ವರ್ಷಗಳ ಹೊಣೆ. ಲಸಿಕೆ, ಊಟ, ವೈದ್ಯರ ಖರ್ಚು ಇದ್ದದ್ದೇ. ಆದರೆ ಆ ಹೊಣೆ ನಾಲ್ಕು ಕಾಲಿನ ನಾಯಿಗೂ ಅಷ್ಟೇ ಇರುತ್ತದೆ.

ಅದು ಜೀವನವಿಡೀ ನರಳುತ್ತದೆಂಬ ನಿಮ್ಮ ಊಹೆಯನ್ನು ಮಾತ್ರ ನಾನು ಒಪ್ಪಲಾರೆ. ನಾಯಿಯ ಮೈತೂಕದ ಸುಮಾರು ಶೇ. 60ರಷ್ಟನ್ನು ಮುಂಗಾಲುಗಳೇ ಹೊರುವುದರಿಂದ, ಹಿಂಗಾಲು ಹೋದ ನಾಯಿ ಮುಂಗಾಲು ಹೋದದ್ದಕ್ಕಿಂತ ಸುಲಭವಾಗಿ ಹೊಂದಿಕೊಳ್ಳುತ್ತದೆ. ಎಳೆಯ ವಯಸ್ಸಿನ, ಹಗುರ ಮೈಯ ನಾಯಿಯಾದರಂತೂ ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಎದ್ದು ಓಡಾಡುವುದುಂಟು. ನಮ್ಮ ಮುದ್ರಣಾಲಯದ ಹಿಂದಿನ ಬೀದಿಯಲ್ಲಿ ಹೂ ಮಾರುವ ಅಜ್ಜಿಯೊಬ್ಬರು ಅನ್ನ ಹಾಕಿ ಬೆಳೆಸಿದ ಇಂಥದ್ದೇ ನಾಯಿಯಿದೆ. ಹಾಲಿನ ವ್ಯಾನು ಬಂದರೆ ಬೀದಿಯ ಉಳಿದ ನಾಯಿಗಳೆಲ್ಲ ಅದರ ಹಿಂದೆಯೇ ಓಡಬೇಕು. ಬೆಂಗಳೂರಿನ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್‌ಗೆ ಹೆಸರು ಬಂದದ್ದೂ ಚಾರ್ಲಿ ಎಂಬ ಮೂರು ಕಾಲಿನ ನಾಯಿಯಿಂದಲೇ.

ನಿಮ್ಮ ಮನೆಯಲ್ಲಿ ನೀವು ಹೆದರಬೇಕಾದದ್ದು ನುಣುಪಾದ ಟೈಲ್ಸ್ ನೆಲಕ್ಕೆ ಮತ್ತು ನಿಮ್ಮದೇ ಮರುಕಕ್ಕೆ. ಅದು ಓಡಾಡುವ ಕಡೆಯಲ್ಲೆಲ್ಲ ಜಾರದ ಚಾಪೆ ಹಾಸಿ, ಉಗುರು ಬೆಳೆಯದಂತೆ ನೋಡಿಕೊಳ್ಳಿ. ಪಾಪ ಎಂದು ಹೊತ್ತುಹೊತ್ತಿಗೂ ಬಿಸ್ಕತ್ತು ಹಾಕಬೇಡಿ. ನಾಲ್ಕು ಕಾಲಿನ ಭಾರವನ್ನು ಮೂರರಲ್ಲಿ ಹೊರುವ ಪ್ರಾಣಿಗೆ ಏರಿದ ಒಂದೊಂದು ಕಿಲೋ ಕೂಡ ಕೀಲುಗಳನ್ನು ಸವೆಸುತ್ತದೆ.

ಅತ್ತೆಯವರಿಗೆ ಆತಕೂರಿನ ಶಾಸನದ ಕಥೆಯನ್ನು ಹೇಳಿ. ಮಂಡ್ಯ ಜಿಲ್ಲೆಯ ಆ ಊರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು ಕ್ರಿ.ಶ. 949ರ ಸುಮಾರಿನದು. ತನ್ನ ಯೋಧ ಮಣಲೇರನ ಪರಾಕ್ರಮಕ್ಕೆ ಮೆಚ್ಚಿದ ಗಂಗ ದೊರೆ ಬೂತುಗನು ಬೇಕಾದ್ದನ್ನು ಬೇಡು ಎಂದಾಗ ಮಣಲೇರನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ದೊಡ್ಡ ಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಮಡಿದ ಕಾಳಿಗಾಗಿ ಚಲ್ಲೇಶ್ವರ ದೇವಾಲಯದ ಎದುರಿಗೇ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಮೈಯೆಲ್ಲ ಗಾಯವಾಗಿ ಸತ್ತ ನಾಯಿಯನ್ನು ದೇವರ ಎದುರಿಗೆ ನಿಲ್ಲಿಸಿದ ನಾಡಿನಲ್ಲಿ ಮೂರು ಕಾಲಿನ ನಾಯಿ ಹೊಸ್ತಿಲು ದಾಟಬಾರದೆಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ಆ ಆರೋಗ್ಯವಂತ ಲ್ಯಾಬ್ರಡಾರ್. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ತಣ್ಣೀರಿನಲ್ಲಿ ಮೀನುಗಾರರ ಜೊತೆ ದುಡಿದ ನಾಯಿಗಳ ಸಂತತಿ ಅದು. ಒಳ್ಳೆಯ ಪ್ರಾಣಿಯೇ, ಆದರೆ ಬೊಜ್ಜು ಮತ್ತು ಸೊಂಟದ ಕೀಲಿನ ತೊಂದರೆಗೆ ಹೆಸರಾದ ತಳಿ. ಹಣ ಕೊಟ್ಟು ಜಾತಿ ನಾಯಿ ಕೊಂಡು, ಕೂದಲು ಉದುರಿತೆಂದೋ ಬಾಡಿಗೆ ಮನೆ ಬದಲಾಯಿತೆಂದೋ ಆಶ್ರಯಧಾಮದ ಗೇಟಿಗೆ ಕಟ್ಟಿ ಹೋಗುವವರು ನಮ್ಮ ನಗರಗಳಲ್ಲಿದ್ದಾರೆ. ಗುದ್ದಿದ ಬಳಿಕ ವಾಹನ ನಿಲ್ಲಿಸಿ ಹಿಂದಿರುಗಿ ನೋಡದವರೂ ಇದ್ದಾರೆ. ಸಾಕುನಾಯಿಯನ್ನು ನಿಷೇಧಿಸುವ ಹಕ್ಕು ನಿವಾಸಿಗಳ ಸಂಘಕ್ಕಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಹೇಳಿದ್ದರೂ ಲಿಫ್ಟಿನಲ್ಲಿ ನಾಯಿ ಕಂಡರೆ ಕೂಗಾಡುವವರು ಕಡಿಮೆಯಾಗಿಲ್ಲ. ಇವರೆಲ್ಲರ ತಪ್ಪಿನ ಫಲವನ್ನು ನಿಮ್ಮ ಮಗಳು ಕಂಡ ನಾಯಿ ಉಣ್ಣುತ್ತಿದೆ, ನೀವೋ ಅದರ ಕಾಲನ್ನಷ್ಟೇ ಎಣಿಸುತ್ತಿದ್ದೀರಿ.

ಒಪ್ಪಿಕೊಳ್ಳುವ ಮುನ್ನ ಉಳಿದ ಹಿಂಗಾಲಿನ ಮಂಡಿಯನ್ನೂ ಸೊಂಟವನ್ನೂ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಲಸಿಕೆಯ ಚೀಟಿಯನ್ನು ಕೇಳಿ ಪಡೆಯಿರಿ. ಈ ಭಾನುವಾರ ಆಶ್ರಯಧಾಮಕ್ಕೆ ಹೋಗುವಾಗ ಪತಿಯವರನ್ನೂ ಅತ್ತೆಯವರನ್ನೂ ಜೊತೆಗೆ ಕರೆದೊಯ್ಯಿರಿ. ಅವರು ಆ ನಾಯಿಯನ್ನು ಇನ್ನೂ ನೋಡಿಯೇ ಇಲ್ಲವೆಂದು ನಿಮ್ಮ ಪತ್ರದಿಂದ ತಿಳಿಯುತ್ತದೆ.