ಟೀ 'ಮ್ಯಾಶ್' ಅಂದರೆ ಹಿಸುಕೋದಲ್ಲ

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಮನೆ ಓನರಮ್ಮ "ಟೀ ಮ್ಯಾಶ್ ಆಗಲಿ, ಅಷ್ಟರಲ್ಲಿ ಪಾಟ್ಸ್ ಸೈಡ್ ಮಾಡು" ಅಂದರೆ ಏನರ್ಥ ಅಂತ ಕೇಳಿದ್ದೀರಿ. ದಯವಿಟ್ಟು ಏನನ್ನೂ ಹಿಸುಕೋಕೆ ಹೋಗಬೇಡಿ! ಯಾರ್ಕ್‌ಷೈರ್, ಡರ್ಬಿಷೈರ್ ಕಡೆ ಮ್ಯಾಶ್ ಅಂದರೆ ಟೀಪಾಟಿಗೆ ಕುದಿನೀರು ಸುರಿದು, ಮುಚ್ಚಿ, ಡಿಕಾಕ್ಷನ್ ಇಳಿಯೋಕೆ ನಾಲ್ಕೈದು ನಿಮಿಷ ಬಿಡೋದು. ನಮ್ಮ ಥರ ಒಲೆ ಮೇಲೆ ಕುದಿಸೋದಲ್ಲ. ಪಾಟ್ಸ್ ಅಂದರೆ ತಟ್ಟೆ, ಲೋಟ ಎಲ್ಲಾ. ಸೈಡ್ ಮಾಡೋದು ಅಂದರೆ ಮೇಜಿನಿಂದ ಎತ್ತಿಡೋದು. ತೊಳೆದೂ ಇಟ್ಟರೆ ಓನರಮ್ಮ ಖುಷ್.

'ಪುಟ್ ವುಡ್ ಇನ್ ದ ಹೋಲ್' ಅಂದರೆ ಬಾಗಿಲು ಹಾಕು ಅಂತ. ಚಳಿಗಾಲದಲ್ಲಿ ದಿನಾ ಕೇಳ್ತೀರಿ.

ಅಂಗಡೀಲಿ ಬನ್ ಬೇಕಿದ್ದರೆ 'ಬ್ರೆಡ್‌ಕೇಕ್' ಅನ್ನಿ. ನಾಟಿಂಗ್‌ಹ್ಯಾಮಿನಲ್ಲಿ ಅದೇ ಕಾಬ್, ಮ್ಯಾಂಚೆಸ್ಟರಿನಲ್ಲಿ ಬಾರ್ಮ್. ಯಾವುದು ಸರಿ ಅಂತ ಅವರವರೇ ಜಗಳ ಆಡ್ತಾರೆ, ನೀವು ನಡುವೆ ಬಾಯಿ ಹಾಕಬೇಡಿ.