ದಾವಣಗೆರೆ, ಚಿತ್ರದುರ್ಗದಲ್ಲಿದ್ದುಕೊಂಡೇ ಕಂಪ್ಯೂಟರ್ ಕೆಲಸ ಕಲಿತವರು ಹೇಗೆ ಕಲಿತಿರಿ?

ಹೊಳಲ್ಕೆರೆ ಕಡೆಯವರು, ಬಿ.ಕಾಂ. ಓದುತ್ತಿದ್ದೀರಿ, ಬೆಂಗಳೂರಿಗೆ ಹೋಗಿ ರೂಮು ಮಾಡಿಕೊಂಡು ಕೋರ್ಸ್ ಸೇರುವಷ್ಟು ಅನುಕೂಲ ಮನೆಯಲ್ಲಿಲ್ಲ ಎಂದು ಬರೆದಿದ್ದೀರಿ. ನಮ್ಮಂಥ ಊರುಗಳಲ್ಲಿ ಇದ್ದುಕೊಂಡೇ ಈ ಕೆಲಸಕ್ಕೆ ಬಂದವರು ಹೇಗೆ ಕಲಿತರು, ಈಗ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಹಿಡಿಯಲೋ ಪ್ರೋಗ್ರಾಮ್ ಬರೆಯುವ ಭಾಷೆ ಪೈಥಾನ್ ಹಿಡಿಯಲೋ ಎಂಬುದು ನಿಮ್ಮ ಪ್ರಶ್ನೆ. ನಾನು ದಾವಣಗೆರೆಯವಳು, ಓದಿದ್ದು ಬಿ.ಎ. ಹಳೆಯ ಕನ್ನಡ ಫೈಲುಗಳನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ ವ್ಯವಸ್ಥೆಯಾದ ಯೂನಿಕೋಡ್‌ಗೆ ತರುವುದು, ದೊಡ್ಡ ದೊಡ್ಡ ಪಟ್ಟಿಗಳನ್ನು ಸರಿಪಡಿಸಿಕೊಡುವುದು, ಅದಕ್ಕೆ ಬೇಕಾದ ಪ್ರೋಗ್ರಾಮ್ ಬರೆಯುವುದು, ಇದೇ ಈಗ ನನ್ನ ಕಸುಬು. ಮನೆ ಈಗಲೂ ಇಲ್ಲೇ. ಹಾಗಾಗಿ ನಾನು ನಡೆದ, ನನ್ನ ಜೊತೆಯವರು ನಡೆದ ದಾರಿಯನ್ನೇ ಹೇಳುತ್ತೇನೆ.

ನಮ್ಮ ಕಡೆ ಕಾಲೇಜಿಗೇನೂ ಬರವಿರಲಿಲ್ಲ. ದಾವಣಗೆರೆಯ ಯು.ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು 1951ರದ್ದು, ಬಾಪೂಜಿ ಇಂಜಿನಿಯರಿಂಗ್ ಕಾಲೇಜು 1979ರದ್ದು, ಚಿತ್ರದುರ್ಗದ ಎಸ್.ಜೆ.ಎಂ. 1980ರದ್ದು. ಅಲ್ಲಿ ಸೀಟು ಸಿಕ್ಕವರಿಗೆ ಲ್ಯಾಬ್ ಇತ್ತು, ಮೇಷ್ಟ್ರಿದ್ದರು. ಮಿಲ್ಲಿನಲ್ಲಿ ದುಡಿಯುವವರ ಮಕ್ಕಳು, ಮಂಡಿಪೇಟೆ ಗುಮಾಸ್ತರ ಮಕ್ಕಳು ಕಂಪ್ಯೂಟರಿನ ಮುಂದೆ ಕೂತದ್ದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ದಲಾಲಿ ಅಂಗಡಿಯಲ್ಲಿ, ತಾಲ್ಲೂಕು ಆಫೀಸಿನಲ್ಲಿ. ಎದುರಿಗೆ ಯಾರೋ ಕಾಯುತ್ತ ನಿಂತಿರುತ್ತಿದ್ದರು, ಅವರ ಕೆಲಸ ಸಂಜೆಯೊಳಗೆ ಮುಗಿಯಬೇಕಿತ್ತು. ಆ ಕೆಲಸ ಏನನ್ನು ಕೇಳಿತೋ ಅದನ್ನು ಕಲಿತೆವು.

ಟೈಪಿಂಗ್ ಜೂನಿಯರ್ ಪಾಸು ಮಾಡಿಕೊಂಡು ನಾನು ಸೇರಿದ್ದು ಒಂದು ಪ್ರೆಸ್ಸಿಗೆ, ಡಿಟಿಪಿ (ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಸಿದ್ಧಪಡಿಸುವ) ಆಪರೇಟರ್ ಆಗಿ. ವಿಂಡೋಸ್ 98, ಪೇಜ್‌ಮೇಕರ್, ಕೋರೆಲ್ ಡ್ರಾ, ಒಂದು ಲೇಸರ್ ಪ್ರಿಂಟರ್. ಹಿಂದಿನ ಕೋಣೆಯಲ್ಲಿ ಅಚ್ಚುಮೊಳೆಯ ಗೂಡುಗಳು ಇನ್ನೂ ಇದ್ದವು. ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ಪ್ರೂಫ್ ನೋಡಲು ಉಳಿದುಕೊಂಡಿದ್ದರು. ಕಂಪ್ಯೂಟರ್ ಮುಟ್ಟಿದವರಲ್ಲ, ಆದರೆ ನನಗೆ ಮೊದಲ ಗುರು ಅವರೇ. "ನೋಡವ್ವಾ, ಹುಡುಗನ ಹೆಸರು ಎರಡು ಸಾಲಿಗೆ ಒಡೀಬಾರದು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಾರದು. ಎಲ್ಲಕ್ಕೂ ಮೊದಲು ತಾರೀಖು, ವಾರ ಎರಡೂ ಕ್ಯಾಲೆಂಡರಿನಾಗೆ ತಾಳೆ ಆಗ್ತಾವೇನು ನೋಡು" ಅನ್ನೋರು. ಇವತ್ತು ಪ್ರೋಗ್ರಾಮ್ ಬರೆಯುವಾಗಲೂ ಒಳಗೆ ಬರುವ ಮಾಹಿತಿಯನ್ನು ಮೊದಲು ತಾಳೆ ನೋಡುವ ರೂಢಿ ನನಗೆ ಬಂದದ್ದು ಅವರಿಂದ.

ಮದುವೆ ಸುಗ್ಗಿ ಬಂತೆಂದರೆ ಲಗ್ನಪತ್ರಿಕೆಗಳದ್ದೇ ರಾಶಿ. ಮೇಲೆ ಮನೆದೇವರ ಹೆಸರು, ನಡುವೆ ಮುಹೂರ್ತ, ಕೆಳಗೆ ಸುಖಾಗಮನ ಬಯಸುವವರ ಉದ್ದನೆಯ ಪಟ್ಟಿ. ಒಂದು ಹೆಸರು ಬಿಟ್ಟುಹೋದರೂ ಅವರ ಮನೆಯಲ್ಲಿ ಜಗಳ. ಮ್ಯಾಟರ್ ಕಂಪೋಸ್ ಮಾಡಿ, ಪ್ರೂಫ್ ತಿದ್ದಿಸಿ, ಬಟರ್ ಪೇಪರಿನ ಮೇಲೆ ಪ್ರಿಂಟ್ ತೆಗೆದು ಅಚ್ಚಿನ ಪ್ಲೇಟ್ ಮಾಡಲು ಕೊಡಬೇಕು. ಪ್ಲೇಟ್ ಆದ ಮೇಲೆ ತಿದ್ದಲು ಬರುವುದಿಲ್ಲ. ಕರೆಂಟು ಯಾವಾಗ ಹೋಗುತ್ತದೋ ತಿಳಿಯದ್ದರಿಂದ ಸಾಲಿಗೊಮ್ಮೆ ಸೇವ್ ಮಾಡುವುದು ಕೈಗೆ ಅಭ್ಯಾಸವಾಯಿತು. ಫ್ಲಾಪಿಯಲ್ಲಿ ಹಿಡಿಯುವುದು 1.44 ಎಂಬಿ, ಫೋಟೋ ಹಾಕಿದ ಫೈಲು ಹಿಡಿಯದು, ಹಾಗಾಗಿ ಜಿಪ್ ಮಾಡಿ ಒಡೆದು ತುಂಬುವುದು ಗೊತ್ತಾಯಿತು. ಫೈಲಿಗೆ ತಾರೀಖು ಸೇರಿಸಿ ಹೆಸರಿಡುವುದು, ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಹೊಸದು ಇಡುವುದು, ಇವಕ್ಕೆಲ್ಲ ದೊಡ್ಡ ದೊಡ್ಡ ಹೆಸರುಗಳಿವೆ ಎಂದು ತಿಳಿದದ್ದು ಎಷ್ಟೋ ವರ್ಷ ಆದಮೇಲೆ.

ಕನ್ನಡ ಟೈಪಿಂಗ್ ಬಗ್ಗೆ ಸ್ವಲ್ಪ ಹೇಳಲೇಬೇಕು, ನನ್ನ ಬದುಕು ತಿರುಗಿದ್ದು ಅಲ್ಲೇ. 1998ರಲ್ಲಿ ಶೇಷಾದ್ರಿವಾಸು ಅವರ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ನುಡಿಯಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ. ಕೆ ಒತ್ತಿದರೆ ಕ. ಕೆ, ಎಫ್, ಮತ್ತೆ ಕೆ ಒತ್ತಿದರೆ ಕ್ಕ. ಒತ್ತಕ್ಷರ ಬೇಕೆಂದಾಗಲೆಲ್ಲ ನಡುವೆ ಒಂದು ಎಫ್. ಅಷ್ಟೇ ಸೂತ್ರ. ನಾವು ಉಚ್ಚರಿಸುವ ಕ್ರಮದಲ್ಲೇ ಬೆರಳು ಓಡುತ್ತದೆ. ಇಷ್ಟು ಕಡಿಮೆ ಕೀಲಿಗಳಲ್ಲಿ ಇಡೀ ಕಾಗುಣಿತವನ್ನು ಕೂರಿಸಿದ ಆ ಬುದ್ಧಿಯನ್ನು ನೆನೆದರೆ ಇವತ್ತಿಗೂ ನನಗೆ ಗೌರವ ಉಕ್ಕುತ್ತದೆ.

ಮಂಡಿ ಕಡೆಯವರ ದಾರಿ ಬೇರೆ. ಕಿರ್ದಿ, ಖಾತೆ ಬರೆಯುತ್ತಿದ್ದ ಗುಮಾಸ್ತರು ಟ್ಯಾಲಿಗೆ ಬಂದರು. 2005ರ ಏಪ್ರಿಲ್‌ನಲ್ಲಿ ವ್ಯಾಟ್ ಬಂದಾಗ ಒಂದು ಅಲೆ, 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಇನ್ನೊಂದು. ಟ್ಯಾಲಿ ಹುಟ್ಟಿದ ಕಥೆಯೂ ಇಂಥದ್ದೇ: ವ್ಯಾಪಾರಿಯಾಗಿದ್ದ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯವಹಾರದ ಲೆಕ್ಕಕ್ಕೆ ಒಗ್ಗುವ ಸಾಫ್ಟ್‌ವೇರ್ ಸಿಗದೆ ಮಗ ಭರತ್ ಕೈಲಿ ಬರೆಸಿದರು, 1986ರಲ್ಲಿ ಕಂಪನಿ ಶುರುವಾಯಿತು. ನನಗೆ ಗೊತ್ತಿರುವ ಒಬ್ಬ ಗುಮಾಸ್ತರಿಗೆ ಇಂಗ್ಲಿಷ್ ಓದಲು ಸರಿಯಾಗಿ ಬರುತ್ತಿರಲಿಲ್ಲ. ಎಫ್5 ಅಂದರೆ ಪಾವತಿ, ಎಫ್6 ಅಂದರೆ ಜಮೆ, ಎಫ್8 ಮಾರಾಟ, ಎಫ್9 ಖರೀದಿ ಎಂದು ಕೈಲೇ ನೆನಪಿಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಹುಡುಗರು ವೋಚರ್ ತಪ್ಪು ಹಾಕಿದರೆ ಥಟ್ಟನೆ ಹಿಡಿಯುತ್ತಿದ್ದರು, ಏಕೆಂದರೆ ಅವರಿಗೆ ಲೆಕ್ಕ ಗೊತ್ತಿತ್ತು. ಇದನ್ನು ಬಿ.ಕಾಂ. ಓದುತ್ತಿರುವ ನೀವು ಗಮನಿಸಬೇಕು.

ಹಳ್ಳಿಗಳ ಕಡೆ ಕಂಪ್ಯೂಟರ್ ಮುಟ್ಟಿಸಿದ್ದು ಭೂಮಿ ಯೋಜನೆ. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ಏರಿಸಿದ ಕೆಲಸ ಅದು. ಆಗ ಡೇಟಾ ಎಂಟ್ರಿಗೆಂದು ಕೂತ ಹುಡುಗ ಹುಡುಗಿಯರು ಆಮೇಲೆ ಬೇರೆ ಬೇರೆ ಕಚೇರಿಗಳಲ್ಲಿ ಆಪರೇಟರ್ ಆಗಿ ನೆಲೆ ಕಂಡುಕೊಂಡರು. 15 ರೂಪಾಯಿ ಕೊಟ್ಟು ಪಹಣಿ ಪ್ರಿಂಟ್ ತೆಗೆದುಕೊಳ್ಳಲು ಬಂದ ರೈತರು ತಮ್ಮ ಸರ್ವೆ ನಂಬರು ಪರದೆಯ ಮೇಲೆ ಮೂಡುವುದನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು.

ಇನ್ನು ನಾನು ಪ್ರೋಗ್ರಾಮಿಂಗ್‌ಗೆ ಬಂದ ಬಗೆ. ಒಂದು ಸಹಕಾರ ಸಂಘದವರು ಸದಸ್ಯರ ಪಟ್ಟಿ ತಂದರು, ಸಾವಿರಾರು ಹೆಸರು, ಎಲ್ಲವೂ ಹಳೆಯ ನುಡಿ ಫಾಂಟಿನಲ್ಲಿ. ಅದನ್ನು ಯೂನಿಕೋಡ್‌ಗೆ ಬದಲಾಯಿಸಿಕೊಡಬೇಕಿತ್ತು. ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲೇ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದ್ದರು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೀಚುಗೀಚು. ಅಕಾರಾದಿಯಾಗಿ ಜೋಡಿಸಲು ಹೋದರೆ ಅದು ತುಣುಕುಗಳ ಲೆಕ್ಕದಲ್ಲಿ ಜೋಡಿಸುತ್ತದೆ, ಅ ಆ ಇ ಈ ಲೆಕ್ಕದಲ್ಲಲ್ಲ. ಹುಡುಕಿದರೆ ಹೆಸರು ಸಿಗುವುದಿಲ್ಲ.

ತುಣುಕಿಗೊಂದು ಯೂನಿಕೋಡ್ ಅಕ್ಷರ ಬದಲಿಸುತ್ತ ಹೋದರೆ ಮುಗಿಯಿತಲ್ಲ ಅನ್ನಿಸುತ್ತದೆ. ಹಾಗೆ ಮಾಡಿದಾಗ ಗುರುಮೂರ್ತಿ ಇದ್ದದ್ದು ಗುರುಮೂತಿರ್ ಆಗುತ್ತದೆ, ಧರ್ಮಪ್ಪ ಇದ್ದದ್ದು ಧಮರ್ಪ್ಪ ಆಗುತ್ತದೆ. ಕರ್ನಾಟಕ ಎಂಬುದು ಕನಾರ್ಟಕ ಆಗಿರುವುದನ್ನು ನೀವೂ ಎಷ್ಟೋ ಕಡೆ ನೋಡಿರುತ್ತೀರಿ. ಕಾರಣ ಅರ್ಕಾವೊತ್ತು. ಬರೆಯುವಾಗ ಅದು ಅಕ್ಷರದ ಬಲಕ್ಕೆ ಬರುತ್ತದೆ, ಹಾಗಾಗಿ ಹಳೆಯ ಫೈಲಿನಲ್ಲಿ ತಿ ಮೊದಲು, ಅರ್ಕಾವೊತ್ತು ಆಮೇಲೆ. ಯೂನಿಕೋಡ್ ಇಟ್ಟುಕೊಳ್ಳುವುದು ಉಚ್ಚಾರದ ಕ್ರಮವನ್ನು, ಅಲ್ಲಿ ರ್ ಮೊದಲು ಬರಬೇಕು, ತಿ ಆಮೇಲೆ. ಅಂದರೆ ಅರ್ಕಾವೊತ್ತು ಕಂಡಕೂಡಲೇ ಹಿಂದಕ್ಕೆ ಹೋಗಿ, ಸ್ವರಚಿಹ್ನೆ ಇದ್ದರೆ ಅದನ್ನು ದಾಟಿ, ಒತ್ತಕ್ಷರ ಇದ್ದರೆ ಅದನ್ನೂ ದಾಟಿ, ಮೂಲ ವ್ಯಂಜನಕ್ಕಿಂತ ಮೊದಲು ರ್ ಇಡಬೇಕು. ಮೂರ್ತಿಗೆ ಒಂದು ಹೆಜ್ಜೆ ಸಾಕು. ಮಳೆ ನಕ್ಷತ್ರ ಆರ್ದ್ರಾ ಬಂದರೆ ದೀರ್ಘವನ್ನೂ ದಾಟಬೇಕು, ರಾವೊತ್ತನ್ನೂ ದಾಟಬೇಕು.

ವರ್ಡ್‌ನಲ್ಲಿ ಫೈಂಡ್ ರಿಪ್ಲೇಸ್ ಮಾಡಿದೆ, ಆಮೇಲೆ ಮ್ಯಾಕ್ರೋ (ಒಮ್ಮೆ ಮಾಡಿದ್ದನ್ನು ನೆನಪಿಟ್ಟು ಮತ್ತೆ ತಾನೇ ಮಾಡುವ ಸೌಲಭ್ಯ) ರೆಕಾರ್ಡ್ ಮಾಡಿದೆ, ರೆಕಾರ್ಡ್ ಆದ ಕೋಡನ್ನು ತೆರೆದು ಸಾಲು ಸಾಲಾಗಿ ಓದಿದೆ. ಓದುತ್ತ ಓದುತ್ತ ಒಂದು ಸಾಲು ಬದಲಿಸಿದರೆ ಏನಾಗುತ್ತದೆ ಎಂದು ನೋಡಿದೆ. ನನಗೆ ಇಫ್ (ಹೀಗಿದ್ದರೆ ಹೀಗೆ ಮಾಡು), ಲೂಪ್ (ಮತ್ತೆ ಮತ್ತೆ ಮಾಡು) ಅರ್ಥವಾದದ್ದು ಹೀಗೆ. ಪುಸ್ತಕದಲ್ಲಿ ಬರುವ ಉದಾಹರಣೆಗಳಲ್ಲಿ ಸಂಖ್ಯೆಗಳನ್ನು ಕೂಡಿಸುತ್ತಾರೆ, ಅದು ನನ್ನ ತಲೆಗೆ ಹತ್ತುತ್ತಿರಲಿಲ್ಲ. ಅರ್ಕಾವೊತ್ತನ್ನು ಹಿಂದಕ್ಕೆ ಸರಿಸುವುದು ಎಂದಾಗ ಪ್ರತಿ ಸಾಲಿಗೂ ಕಾರಣ ಕಾಣುತ್ತಿತ್ತು. ದೊಡ್ಡ ಪಟ್ಟಿಗಳಿಗೆ ಮ್ಯಾಕ್ರೋ ಸಾಲದೆ ಬಂದಾಗ ಪೈಥಾನ್‌ಗೆ ಬಂದೆ. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಪಠ್ಯವೆಂದರೆ ಯೂನಿಕೋಡ್ ಎಂದೇ ಲೆಕ್ಕ, ನಮ್ಮಂಥವರಿಗೆ ಅದು ದೊಡ್ಡ ಉಪಕಾರ. ಪಟ್ಟಿ ಸಿದ್ಧವಾದಾಗ ಮೊದಲು ನೋಡಿದ್ದು ಗುರುಮೂರ್ತಿಗಳನ್ನೇ. ಹೆಸರು ತಪ್ಪಿದರೆ ಆ ಮನುಷ್ಯನ ಸಾಲದ ಕಾಗದ ತಪ್ಪುತ್ತದೆ, ಷೇರಿನ ರಶೀದಿ ತಪ್ಪುತ್ತದೆ. ಇದು ಚಿಕ್ಕ ವಿಷಯ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಈಗ ನಿಮ್ಮ ವಿಷಯಕ್ಕೆ. ಆರು ತಿಂಗಳಲ್ಲಿ ಎಲ್ಲ ಕಲಿಸಿ ಕೆಲಸವನ್ನೂ ಕೊಡಿಸುತ್ತೇವೆ ಎನ್ನುವ ಕಡೆ ಸಾಲ ಮಾಡಿ ಫೀಸು ಕಟ್ಟಬೇಡಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿಬ್ರೆ ಆಫೀಸ್, ಪೈಥಾನ್ ಮುಂತಾದ ಪಾಠಗಳು ಪುಕ್ಕಟೆ ಸಿಗುತ್ತವೆ. ಕನ್ನಡದ ಧ್ವನಿಯಲ್ಲಿಯೂ ಅನೇಕ ಪಾಠಗಳಿವೆ, ಒಂದೊಂದು ಸುಮಾರು ಹತ್ತು ನಿಮಿಷದ್ದು. ಪರದೆಯ ಅರ್ಧದಲ್ಲಿ ವಿಡಿಯೋ ಇಟ್ಟುಕೊಂಡು ಇನ್ನರ್ಧದಲ್ಲಿ ಅವರು ಮಾಡಿದ್ದನ್ನೇ ಮಾಡುತ್ತ ಹೋಗಬೇಕು. ಕಂಪ್ಯೂಟರ್ ಸೈನ್ಸ್ ಆಳವಾಗಿ ಬೇಕೆನಿಸಿದಾಗ ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟೆಲ್ ಇದೆ, ಪಾಠ ಕೇಳಲು ದುಡ್ಡಿಲ್ಲ.

ಟ್ಯಾಲಿಯೋ ಪೈಥಾನೋ ಎಂದರೆ ನನ್ನ ಮಾತು: ಮೊದಲು ಟ್ಯಾಲಿ ಮತ್ತು ಸ್ಪ್ರೆಡ್‌ಶೀಟ್. ಬಿ.ಕಾಂ. ಇರುವವರಿಗೆ ಜಮಾ ಖರ್ಚು ಗೊತ್ತಿದೆ, ಅದು ಅರ್ಧ ಬಂಡವಾಳ. ಊರಲ್ಲೇ ಯಾವುದಾದರೂ ಅಂಗಡಿಯಲ್ಲೋ ಆಡಿಟರ್ ಆಫೀಸಿನಲ್ಲೋ ಅರ್ಧ ದಿನದ ಕೆಲಸ ಹಿಡಿದರೆ ನಿಜವಾದ ಬಿಲ್ಲುಗಳು ಕೈಗೆ ಸಿಗುತ್ತವೆ. ಒಂದೇ ಕೆಲಸವನ್ನು ದಿನಾ ಮಾಡಿ ಬೇಸರ ಬರುವ ಜಾಗ ಒಂದು ಸಿಗುತ್ತದೆ ನೋಡಿ, ಪೈಥಾನ್ ಶುರುಮಾಡಬೇಕಾದದ್ದು ಅಲ್ಲಿಂದ.

ನಿಮ್ಮ ಕಡೆ ಅಡಿಕೆ ಇದೆ, ಭೀಮಸಮುದ್ರದ ಅಡಿಕೆ ವ್ಯಾಪಾರ ಹತ್ತಿರದಲ್ಲೇ ಇದೆ. ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಮಾರುಕಟ್ಟೆಗಳ ದರ ಬರುತ್ತದೆ. ಚಿತ್ರದುರ್ಗದ ರಾಶಿ, ಬೆಟ್ಟೆ, ಕೆಂಪುಗೋಟು ಈ ಬಗೆಯ ಅಡಿಕೆಗಳ ದರಗಳನ್ನು ದಿನಾ ಒಂದು ಶೀಟಿಗೆ ಹಾಕಿ. ಮೊದಲ ವಾರದಲ್ಲೇ ತೊಡಕು ಶುರುವಾಗುತ್ತದೆ: ತಾರೀಖು ತಿಂಗಳು ಅದಲುಬದಲಾಗುತ್ತದೆ, ಅಲ್ಪವಿರಾಮ ಇರುವ ಸಂಖ್ಯೆಯನ್ನು ಶೀಟು ಅಕ್ಷರ ಎಂದು ತಿಳಿದು ಕೂಡುವುದಿಲ್ಲ, ರಜೆಯ ದಿನ ಖಾಲಿ ಬಿಡಬೇಕೋ ಸೊನ್ನೆ ಹಾಕಬೇಕೋ ಎಂಬ ಪ್ರಶ್ನೆ ಬರುತ್ತದೆ. (ಖಾಲಿ ಬಿಡಿ, ಸೊನ್ನೆ ಹಾಕಿದರೆ ಸರಾಸರಿ ಕೆಡುತ್ತದೆ.) ಇವನ್ನೆಲ್ಲ ಬಿಡಿಸಿಕೊಂಡು ಒಂದು ಗ್ರಾಫ್ ಮಾಡಿ ಮನೆಯಲ್ಲಿ ತೋಟ ನೋಡಿಕೊಳ್ಳುವವರ ಮುಂದಿಡಿ. ಅವರು ಏನೇನು ಕೇಳುತ್ತಾರೋ ಅದೇ ನಿಮ್ಮ ಮುಂದಿನ ಪಾಠ. ದರ ತರುವ ಕೆಲಸವನ್ನು ಪೈಥಾನ್‌ಗೆ ಒಪ್ಪಿಸುವಾಗ ಎಲ್ಲಾದರೂ ಸಿಕ್ಕಿಕೊಂಡರೆ, ಬಂದ ಎರರ್ ಮೆಸೇಜನ್ನು ಪೂರ್ತಿ ಇಲ್ಲಿ ಹಾಕಿ ಕೇಳಿ, ನೋಡಿ ಹೇಳುತ್ತೇನೆ.