ಸಂಜೆ ನಾಲ್ಕಕ್ಕೆ ಶುರುವಾಗುವ ತಲೆನೋವು

ಈ ಸಲ ಕಣ್ಣಿನ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರಿನವು. ಕಂಪ್ಯೂಟರ್ ಮುಂದೆ ಕೂತರೆ ಕಣ್ಣು ಉರಿಯುತ್ತದೆ, ಸಂಜೆಯಾದರೆ ತಲೆ ಸಿಡಿಯುತ್ತದೆ, ಕಣ್ಣೇ ಹಾಳಾಗಿಬಿಡುತ್ತಾ ಅನ್ನೋ ಭಯ. ಮೊದಲು ಆ ಭಯ ಬಿಡಿ. ದೊಡ್ಡವರಲ್ಲಿ ಪರದೆ ನೋಡಿದ್ದರಿಂದ ಕಣ್ಣು ಕುರುಡಾಗುವುದಿಲ್ಲ. ಆದರೆ ನೋವು ನಿಜ, ಅದಕ್ಕೆ ಕಾರಣವೂ ಇರುತ್ತದೆ, ಮತ್ತು ಆ ಕಾರಣ ಎಲ್ಲರಿಗೂ ಒಂದೇ ಅಲ್ಲ. ಎಷ್ಟು ಹೊತ್ತಿಗೆ ಬರುತ್ತದೆ, ತಲೆಯ ಯಾವ ಜಾಗದಲ್ಲಿ, ಏನು ಮಾಡಿದರೆ ಹೋಗುತ್ತದೆ? ಇಷ್ಟು ಗಮನಿಸಿ ಬರೆದವರ ಪತ್ರಗಳನ್ನೇ ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೆ 46 ವರ್ಷ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ. ಬೆಳಿಗ್ಗೆ ಆರಾಮಾಗಿರುತ್ತೇನೆ. ಸಂಜೆ ನಾಲ್ಕಾಗುತ್ತಿದ್ದಂತೆ ಹುಬ್ಬಿನ ಮೇಲೆ ಭಾರ, ಕತ್ತು ಹಿಡಿದುಕೊಳ್ಳುತ್ತದೆ, ಅಕ್ಷರ ಮಂಜಾಗುತ್ತವೆ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಚಾಳೀಸು, ಪ್ಲಸ್ 2 ನಂಬರಿನದ್ದು ಹಾಕುತ್ತೇನೆ. ಅದು ಹಾಕಿದರೂ ಪರದೆಗೆ ಮುಖ ಇಟ್ಟುಕೊಂಡೇ ಕೆಲಸ ಮಾಡಬೇಕು. ಮನೆಗೆ ಹೋಗಿ ಮಲಗಿದರೆ ಸರಿಹೋಗುತ್ತದೆ. — ಗದಗ

ಉತ್ತರ: ನಿಮ್ಮ ಕಾಯಿಲೆ ನಿಮ್ಮ ಕನ್ನಡಕದಲ್ಲೇ ಇದೆ ಸರ್. ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಗಟ್ಟಿಯಾಗುತ್ತಾ ಬರುತ್ತದೆ, ಹತ್ತಿರದ್ದನ್ನು ನೋಡಲು ಅದು ಮೊದಲಿನಷ್ಟು ಬಾಗುವುದಿಲ್ಲ. ಅದಕ್ಕೇ ಚಾಳೀಸು. ಆದರೆ ಚಾಳೀಸು ಅಂದರೆ ಪೇಪರ್ ಓದುವ ದೂರಕ್ಕೆ ಮಾಡಿದ್ದು, ಅಂದರೆ ಒಂದು ಅಡಿಯಿಂದ ಒಂದೂಕಾಲು ಅಡಿ. ಕಂಪ್ಯೂಟರ್ ಇರುವುದು ಎರಡು ಅಡಿ ದೂರದಲ್ಲಿ. ನಿಮಗೆ ದೂರದ ನೋಟಕ್ಕೆ ನಂಬರ್ ಏನೂ ಇಲ್ಲ ಅಂತ ಇಟ್ಟುಕೊಂಡರೆ, ಪ್ಲಸ್ 2 ಹಾಕಿದಾಗ 50 ಸೆಂಟಿಮೀಟರ್ ಆಚೆಗಿನದೆಲ್ಲ ಮಂಜು. ನಿಮ್ಮ ಮಾನಿಟರ್ 60ರಲ್ಲೋ 65ರಲ್ಲೋ ಇರುತ್ತದೆ. ಸ್ಪಷ್ಟವಾಗಿ ಕಾಣಬೇಕಾದರೆ ನೀವೇ ಮುಂದಕ್ಕೆ ಬಾಗಬೇಕು, ಬೇರೆ ದಾರಿಯೇ ಇಲ್ಲ. ದಿನವಿಡೀ ಹಾಗೆ ಕತ್ತು ಚಾಚಿ, ಹುಬ್ಬು ಗಂಟಿಕ್ಕಿ ಕೂತರೆ ಸಂಜೆ ಹೊತ್ತಿಗೆ ಹಣೆ ಭಾರವಾಗದೆ ಏನಾಗುತ್ತದೆ ಹೇಳಿ.

ಮನೆಯಲ್ಲಿರುವ ಟೇಪು ತಗೊಂಡು ಹೋಗಿ. ನೀವು ಯಾವಾಗಲೂ ಕೂರುವ ಹಾಗೆ ಬೆನ್ನು ಒರಗಿಸಿ ಕೂತು, ಕಣ್ಣಿಂದ ಪರದೆಗೆ ಎಷ್ಟು ದೂರ ಅಂತ ಪಕ್ಕದವರ ಕೈಲಿ ಅಳತೆ ಮಾಡಿಸಿ, ಚೀಟಿಯಲ್ಲಿ ಬರೆದುಕೊಳ್ಳಿ. ಕಣ್ಣು ಪರೀಕ್ಷೆಗೆ ಹೋದಾಗ ಆ ಚೀಟಿ ಕೊಟ್ಟು, ಈ ದೂರಕ್ಕೆ ಬೇರೆ ಕನ್ನಡಕ ಬೇಕು ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಸಾಮಾನ್ಯವಾಗಿ ಓದುವ ನಂಬರನ್ನೇ ಬರೆದುಕೊಡುತ್ತಾರೆ. ತಾಲೂಕು ಆಸ್ಪತ್ರೆಯಲ್ಲಿ ನಂಬರ್ ಪರೀಕ್ಷೆ ಮಾಡಿಸಿಕೊಂಡು, ಕನ್ನಡಕವನ್ನು ಹೊರಗೆ ಮಾಡಿಸಿದರೂ ನಡೆಯುತ್ತದೆ. ರೆಡಿಮೇಡ್ ಕನ್ನಡಕದ ಇನ್ನೊಂದು ತೊಂದರೆ ಏನೆಂದರೆ ಎರಡೂ ಕಣ್ಣಿಗೆ ಒಂದೇ ನಂಬರ್ ಇರುತ್ತದೆ, ಕಣ್ಣಿನ ಉಬ್ಬು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದವರಿಗೆ ಕೊಡುವ ಅಡ್ಡ ನಂಬರ್, ಅಂದರೆ ಅಡ್ಡ ಪವರ್, ಅಂತೂ ಇರುವುದೇ ಇಲ್ಲ. ನಿಮ್ಮ ಕಣ್ಣು ಹಾಗಿರಲೇಬೇಕು ಅಂತೇನಿಲ್ಲವಲ್ಲ.

ಪ್ರೋಗ್ರೆಸಿವ್ ಕನ್ನಡಕ, ಅಂದರೆ ದೂರಕ್ಕೂ ಹತ್ತಿರಕ್ಕೂ ಒಂದೇ ಗ್ಲಾಸಿನಲ್ಲಿ ನಂಬರ್ ಇರುವಂಥದ್ದು, ಹಾಕಿದವರಿಗೂ ಇಲ್ಲೊಂದು ಮಾತು. ಅದರಲ್ಲಿ ಹತ್ತಿರ ನೋಡುವ ಭಾಗ ಕೆಳಗಿರುತ್ತದೆ. ಪರದೆ ಎತ್ತರದಲ್ಲಿದ್ದರೆ ಗದ್ದ ಮೇಲೆತ್ತಿ ನೋಡಬೇಕಾಗುತ್ತದೆ, ಕತ್ತಿನ ಹಿಂದೆ ನೋವು ಶುರುವಾಗಿ ನೆತ್ತಿಗೆ ಏರುತ್ತದೆ. ನಿಮ್ಮ ಗದ್ದ ಮೇಲೆದ್ದಿದೆಯಾ ಅಂತ ಪಕ್ಕದಲ್ಲಿ ಕೂತವರನ್ನು ಕೇಳಿ, ನಿಮಗೆ ಗೊತ್ತಾಗುವುದಿಲ್ಲ. ಮಾನಿಟರ್ ಸ್ಟ್ಯಾಂಡ್ ಇಳಿಸಿದರೆ ಎಷ್ಟೋ ಜನರಿಗೆ ಅಷ್ಟರಲ್ಲೇ ಹಗುರಾಗುತ್ತದೆ.

ಇನ್ನು ನಿಮ್ಮ ಕೆಲಸದ್ದೇ ಒಂದು ಕಷ್ಟ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕನ್ನಡದ ಪ್ರೂಫ್ ನೋಡುವುದು ಇಂಗ್ಲಿಷ್ ನೋಡಿದ ಹಾಗಲ್ಲ. ‘ದ’ಕ್ಕೂ ‘ಧ’ಕ್ಕೂ, ‘ಪ’ಕ್ಕೂ ‘ಷ’ಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಗೀಟು. ಒತ್ತಕ್ಷರ ಸಾಲಿನ ಕೆಳಗೆ ಇನ್ನೂ ಚಿಕ್ಕದಾಗಿ ಕೂರುತ್ತದೆ. 12 ಪಾಯಿಂಟಿನಲ್ಲಿ ಇಂಗ್ಲಿಷ್ ಸಲೀಸಾಗಿ ಓದಬಹುದು, ಅದೇ 12ರಲ್ಲಿ ‘ಸ್ತ್ರೀ’ಯ ಒತ್ತುಗಳನ್ನು ಬಿಡಿಸಿ ನೋಡಲು ಕಣ್ಣು ಕಿರಿದು ಮಾಡಬೇಕು. ಹಾಗಾಗಿ ತಪ್ಪು ತಿದ್ದುವಾಗ ಪುಟವನ್ನು 150ಕ್ಕೋ 175ಕ್ಕೋ ಜೂಮ್ ಮಾಡಿಕೊಳ್ಳಿ. ಅಚ್ಚಿನ ಅಳತೆ ಅದರಿಂದ ಬದಲಾಗುವುದಿಲ್ಲ. ಪುಟ ಪೂರ್ತಿ ಕಾಣಬೇಕು ಅಂತ ಚಿಕ್ಕದು ಮಾಡಿಟ್ಟುಕೊಳ್ಳುವುದು ಪುಟವಿನ್ಯಾಸಕ್ಕೆ ಮಾತ್ರ ಇರಲಿ. ಕೈಬರಹದ ಪ್ರತಿ ನೋಡಿ ಟೈಪ್ ಮಾಡುತ್ತೀರಾದರೆ ಅದನ್ನು ಮೇಜಿನ ಮೇಲೆ ಮಲಗಿಸಬೇಡಿ. ಒಂದು ರಟ್ಟಿಗೆ ಕ್ಲಿಪ್ ಹಾಕಿ ಪರದೆಯ ಪಕ್ಕದಲ್ಲೇ, ಅಷ್ಟೇ ದೂರದಲ್ಲಿ ನಿಲ್ಲಿಸಿ. ಕಣ್ಣು ಪದೇ ಪದೇ ಒಂದು ಅಡಿಗೂ ಎರಡು ಅಡಿಗೂ ಓಡಾಡುವುದು ತಪ್ಪುತ್ತದೆ.

ಪ್ರಶ್ನೆ: ಸಾಫ್ಟ್‌ವೇರ್ ಕೆಲಸ, 27 ವರ್ಷ, ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ. ಆಫೀಸಿನಲ್ಲಿ ಮಧ್ಯಾಹ್ನದ ಮೇಲೆ ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚುತ್ತದೆ, ನೀರು ಸುರಿಯುತ್ತದೆ. ಡಾಕ್ಟರು ಕಣ್ಣು ಒಣಗಿದೆ ಅಂದರು. ಇಷ್ಟು ನೀರು ಬರುವಾಗ ಒಣಗುವುದು ಹೇಗೆ? ಮನೆಯಿಂದ ಕೆಲಸ ಮಾಡುವ ದಿನ ಇಷ್ಟು ಇರುವುದಿಲ್ಲ. — ಬೆಂಗಳೂರು

ಉತ್ತರ: ಡಾಕ್ಟರು ಹೇಳಿದ್ದು ಸರಿ ಇದೆ. ಕಣ್ಣೀರು ಅಂದರೆ ಬರೀ ನೀರಲ್ಲ, ಅದರ ಮೇಲೆ ಎಣ್ಣೆಯ ತೆಳು ಪದರ ಒಂದಿರುತ್ತದೆ. ನೀರು ಆರಿಹೋಗದಂತೆ ತಡೆಯುವುದು ಅದೇ. ರೆಪ್ಪೆಯ ಅಂಚಿನ ಗ್ರಂಥಿಗಳಿಂದ ಬರುವ ಆ ಎಣ್ಣೆಯನ್ನು ಕಣ್ಣ ತುಂಬ ಹರಡುವುದು ರೆಪ್ಪೆ. ಸುಮ್ನೆ ಕೂತಾಗ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಪರದೆಯಲ್ಲಿ ಮುಳುಗಿದಾಗ ಅದು ಅರ್ಧಕ್ಕೂ ಕಡಿಮೆಯಾಗುತ್ತದೆ, ಬಡಿದರೂ ಎಷ್ಟೋ ಸಲ ಪೂರ್ತಿ ಮುಚ್ಚುವುದಿಲ್ಲ. ಕಣ್ಣಿನ ಮೇಲ್ಮೈ ಅಲ್ಲಲ್ಲಿ ಒಣಗುತ್ತದೆ, ಚುಚ್ಚುತ್ತದೆ, ಆಗ ಗಾಬರಿಯಾದ ಕಣ್ಣು ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರಿನಲ್ಲಿ ಎಣ್ಣೆಯ ಅಂಶ ಸಾಲದು, ಹರಿದುಹೋಗುತ್ತದೆ, ಮತ್ತೆ ಒಣಗುತ್ತದೆ.

ಮನೆಯಲ್ಲಿ ಕಡಿಮೆ ಅಂದಿರಲ್ಲ, ನನಗೆ ಅದೇ ಮುಖ್ಯ ಸುಳಿವು. ಆಫೀಸಿನಲ್ಲಿ ನಿಮ್ಮ ಸೀಟಿನ ಮೇಲೆ ಎಸಿಯ ಗಾಳಿ ಎಲ್ಲಿಂದ ಬೀಳುತ್ತದೆ ನೋಡಿ. ಒಂದು ಟಿಶ್ಯೂ ಹಾಳೆಯನ್ನು ಮುಖದ ಹತ್ತಿರ ಹಿಡಿದುಕೊಳ್ಳಿ, ಅಲ್ಲಾಡಿದರೆ ಗಾಳಿ ನೇರ ಕಣ್ಣಿಗೇ ಬರುತ್ತಿದೆ ಅಂತ. ಸೀಟು ಬದಲಿಸಲು ಕೇಳಿ, ಆಗದಿದ್ದರೆ ಗಾಳಿಯ ದಿಕ್ಕು ತಿರುಗಿಸಲು ಹೇಳಿ. ಇದು ಕೇಳಲು ಸಂಕೋಚಪಡುವ ವಿಷಯವೇ ಅಲ್ಲ. ಮಾನಿಟರಿನ ಮೇಲಂಚು ನಿಮ್ಮ ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗಿರಲಿ. ನೋಟ ಕೆಳಗಿದ್ದರೆ ರೆಪ್ಪೆ ಅರ್ಧ ಇಳಿದಿರುತ್ತದೆ, ಗಾಳಿಗೆ ತೆರೆದಿರುವ ಜಾಗವೇ ಕಡಿಮೆ, ಒಣಗುವುದೂ ಕಡಿಮೆ.

ಆಫೀಸಿಗೆ ಹೋಗುವ ದಿನ ಲೆನ್ಸ್ ಬಿಟ್ಟು ಕನ್ನಡಕ ಹಾಕಿ ನೋಡಿ, ಎರಡು ವಾರ ಸಾಕು, ವ್ಯತ್ಯಾಸ ಗೊತ್ತಾಗುತ್ತದೆ. ಡಾಕ್ಟರು ಕೃತಕ ಕಣ್ಣೀರಿನ ಹನಿ ಬರೆದಿದ್ದರೆ ಹಾಕಿ, ಅದರಿಂದ ಅಭ್ಯಾಸ ಬೀಳುವುದಿಲ್ಲ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಕಾದರೆ ಪ್ರಿಸರ್ವೇಟಿವ್ (ಹನಿ ಕೆಡದಿರಲು ಬೆರೆಸುವ ರಾಸಾಯನಿಕ) ಇಲ್ಲದ್ದನ್ನು ಬರೆಸಿಕೊಳ್ಳಿ. ಲೆನ್ಸ್ ಕಣ್ಣಲ್ಲಿ ಇರುವಾಗಲೇ ಹಾಕುವ ಹನಿ ಬೇರೆ ಇರುತ್ತದೆ, ಕೇಳಿಕೊಂಡೇ ಹಾಕಿ. ಕಣ್ಣು ಕೆಂಪಾಗಿದೆ ಅಂತ ಮೆಡಿಕಲ್ ಶಾಪಿನಲ್ಲಿ ಯಾವುದೋ ಹನಿ ಕೇಳಿ ತರಬೇಡಿ. ಕೆಲವುದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಾಕಿದ ತಕ್ಷಣ ಹಾಯೆನಿಸುತ್ತದೆ, ಆದರೆ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಪರದೆ ಮಾಡದ ಹಾನಿಯನ್ನು ಆ ಸಣ್ಣ ಬಾಟಲಿ ಮಾಡಿಬಿಡುತ್ತದೆ.

ಇನ್ನು ವಿರಾಮದ ವಿಷಯ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಿ ಅಂತ ಎಲ್ಲರೂ ಹೇಳುತ್ತಾರೆ, ಒಳ್ಳೆಯದೇ. ನಡುವೆ ಒಂದೆರಡು ಸಲ ಕಣ್ಣು ಪೂರ್ತಿ ಮುಚ್ಚಿ ತೆಗೆಯಿರಿ. ಆದರೆ ಕಾಫಿಗೆ ಎದ್ದು ಹೋಗಿ ಮೊಬೈಲ್ ತೆಗೆದರೆ ಅದು ವಿರಾಮ ಅಲ್ಲ. ಮಾನಿಟರ್ ಎರಡು ಅಡಿಯಲ್ಲಿತ್ತು, ಮೊಬೈಲ್ ಒಂದೇ ಅಡಿಯಲ್ಲಿದೆ, ಕಣ್ಣಿಗೆ ಕೆಲಸ ಎರಡರಷ್ಟಾಯಿತು ಅಷ್ಟೇ.

ಪ್ರಶ್ನೆ: ಕನ್ನಡಕದ ಅಂಗಡಿಯಲ್ಲಿ ನೀಲಿ ಬೆಳಕು ತಡೆಯುವ ಬ್ಲೂ ಕಟ್ ಗ್ಲಾಸ್ ಹಾಕಿಸಲೇಬೇಕು, ಇಲ್ಲದಿದ್ದರೆ ರೆಟಿನಾ ಸುಟ್ಟುಹೋಗುತ್ತದೆ ಅಂತ ಹೆದರಿಸಿದರು. ಹಾಕಿಸಲಾ? — ದಾವಣಗೆರೆ

ಉತ್ತರ: ಬೇಡ. ಪರದೆಯಿಂದ ಬರುವ ನೀಲಿ ಬೆಳಕು ಬಿಸಿಲಿನಲ್ಲಿ ಇರುವುದರ ಮುಂದೆ ಏನೇನೂ ಅಲ್ಲ. ಈ ಕನ್ನಡಕಗಳ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2023ರಲ್ಲಿ ಕಾಕ್ರೇನ್ ಸಂಸ್ಥೆ ಒಂದು ವಿಮರ್ಶೆ ಪ್ರಕಟಿಸಿತು. ಕಂಪ್ಯೂಟರ್ ಕೆಲಸದಿಂದಾಗುವ ಕಣ್ಣಿನ ದಣಿವಿಗೆ ಸಾಮಾನ್ಯ ಗ್ಲಾಸಿಗಿಂತ ಇದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಅಮೆರಿಕದ ಕಣ್ಣಿನ ವೈದ್ಯರ ಅಕಾಡೆಮಿಯೂ ಇದನ್ನು ಶಿಫಾರಸು ಮಾಡುವುದಿಲ್ಲ. ಆ ದುಡ್ಡಿನಲ್ಲಿ ನಂಬರನ್ನು ಸರಿಯಾಗಿ ಪರೀಕ್ಷೆ ಮಾಡಿಸಿ. ಅರ್ಧ ನಂಬರ್ ಅಡ್ಡ ಪವರ್ ಇದ್ದು ಕನ್ನಡಕ ಇಲ್ಲದಿದ್ದರೂ ದಿನವಿಡೀ ಪರದೆ ನೋಡುವವರಿಗೆ ತಲೆನೋವು ಬರುವುದುಂಟು.

ಪ್ರಶ್ನೆ: ಬ್ಯಾಂಕಿನಲ್ಲಿ ಕೆಲಸ. ಕಂಪ್ಯೂಟರಿನಿಂದ ತಲೆನೋವು ಅಂತ ವರ್ಷದಿಂದ ಹೆಚ್ಚುಕಮ್ಮಿ ದಿನಾ ಒಂದು ನೋವಿನ ಮಾತ್ರೆ ತಗೊಳ್ಳುತ್ತಿದ್ದೇನೆ. ಈಗೀಗ ಬೆಳಿಗ್ಗೆ ಏಳುವಾಗಲೇ ತಲೆನೋವು. ಭಾನುವಾರ ಕಂಪ್ಯೂಟರ್ ಮುಟ್ಟದಿದ್ದರೂ ಬರುತ್ತದೆ. ಕನ್ನಡಕ ಎರಡು ಸಲ ಬದಲಿಸಿದೆ. — ತುಮಕೂರು

ಉತ್ತರ: ನಿಮ್ಮ ಪತ್ರ ಓದಿ ನನಗೆ ಕಳವಳವಾಯಿತು. ದಯವಿಟ್ಟು ಮೂರನೇ ಕನ್ನಡಕ ಮಾಡಿಸಬೇಡಿ. ಕಣ್ಣಿನ ದಣಿವಿನ ನೋವು ಕೆಲಸ ಮಾಡುತ್ತಾ ಹೋದಂತೆ ಏರುತ್ತದೆ, ಕಣ್ಣು ಮುಚ್ಚಿ ಮಲಗಿದರೆ ಇಳಿಯುತ್ತದೆ. ರಾತ್ರಿಯಿಡೀ ವಿಶ್ರಾಂತಿ ಪಡೆದ ಕಣ್ಣು ಬೆಳಿಗ್ಗೆ ತಲೆನೋವು ತರಬಾರದು, ರಜಾದಿನ ಅಂತೂ ತರಲೇಬಾರದು. ಶುರುವಿನಲ್ಲಿ ಕಣ್ಣಿನಿಂದಲೇ ಬಂದಿರಬಹುದು. ಈಗ ಮಾತ್ರೆಯಿಂದಲೇ ಬರುತ್ತಿದೆ ಅನ್ನೋ ಅನುಮಾನ ನನ್ನದು. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳು ದಾಟಿ ತಗೊಂಡರೆ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗುತ್ತದೆ. ಎರಡು ಮೂರು ಔಷಧಿ ಬೆರೆಸಿದ ಮಾತ್ರೆಯಾದರೆ 10 ದಿನವೇ ಸಾಕು. ಅದರ ಪ್ರಭಾವ ಇಳಿಯುತ್ತಿದ್ದಂತೆ ನೋವು ಬರುತ್ತದೆ, ನೋವು ಬಂತು ಅಂತ ಮತ್ತೆ ಮಾತ್ರೆ. ಹೊಟ್ಟೆಗೂ ಮೂತ್ರಪಿಂಡಕ್ಕೂ ಆಗುವ ಹಾನಿ ಬೇರೆ.

ಈ ವಾರವೇ ಫಿಜಿಷಿಯನ್ ಹತ್ತಿರವೋ ನರರೋಗ ತಜ್ಞರ ಹತ್ತಿರವೋ ಹೋಗಿ. ಹೋಗುವಾಗ ಮಾತ್ರೆಯ ಖಾಲಿ ಪಟ್ಟಿ ತಗೊಂಡು ಹೋಗಿ, ಎಷ್ಟು ತಗೊಳ್ಳುತ್ತೀರಿ ಅಂತ ಮುಚ್ಚಿಡದೆ ಹೇಳಿ. ಮಾತ್ರೆ ಬಿಟ್ಟ ಮೊದಲ ಕೆಲವು ದಿನ ನೋವು ಜಾಸ್ತಿಯಾಗುತ್ತದೆ, ಅದಕ್ಕೇ ವೈದ್ಯರ ಜೊತೆ ಮಾತಾಡಿಕೊಂಡು ಬಿಡಬೇಕು. ತಲೆಯ ಒಂದೇ ಕಡೆ ಮಿಡಿಯುವಂತೆ ನೋವು, ವಾಕರಿಕೆ, ಬೆಳಕು ಕಂಡರಾಗದು ಅನ್ನುವಂತಿದ್ದರೆ ಅದೂ ಹೇಳಿ. ಅದು ಅರೆತಲೆನೋವು ಇರಬಹುದು, ಅದಕ್ಕೆ ಬೇರೆಯದೇ ಚಿಕಿತ್ಸೆ ಇದೆ.

ಇದನ್ನು ಓದುತ್ತಿರುವ ಎಲ್ಲರಿಗೂ: ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತಲೆನೋವು, ನೋವಿನ ಜೊತೆ ಒಂದು ಎರಡಾಗಿ ಕಾಣುವುದು, ನೋಟ ಮಸುಕಾಗಿ ಹೋಗುವುದು, ಕೈಕಾಲು ಸೋಲುವುದು, ಬೆಳಿಗ್ಗೆ ವಾಂತಿ, ಅಥವಾ ಕಣ್ಣು ಕೆಂಪಾಗಿ ನೋಯುತ್ತಾ ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ಇದರಲ್ಲಿ ಯಾವುದೇ ಇದ್ದರೂ ಪತ್ರ ಬರೆದು ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮಗ ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತಾನೆ. ಕಣ್ಣು ಉರಿ ಅಂತಾನೆ. ನಂದಿಬಟ್ಟಲ ಹೂವು, ಹರಳೆಣ್ಣೆ ಇದೆಲ್ಲ ಮಾಡಬಹುದಾ? ನಮ್ಮ ಅತ್ತೆ ಹೂವಿನ ರಸ ಕಣ್ಣಿಗೆ ಬಿಡುತ್ತಿದ್ದರು. — ತೀರ್ಥಹಳ್ಳಿ

ಉತ್ತರ: ಹೂವನ್ನು ಚೆನ್ನಾಗಿ ತೊಳೆದು, ಮುಚ್ಚಿದ ರೆಪ್ಪೆಯ ಮೇಲೆ ಇಟ್ಟುಕೊಂಡು ಹತ್ತು ನಿಮಿಷ ಮಲಗಲಿ ಅಮ್ಮ. ತಂಪಾಗುತ್ತದೆ, ಅಷ್ಟು ಹೊತ್ತು ಕಣ್ಣೂ ಮುಚ್ಚಿರುತ್ತದೆ, ಎರಡೂ ಒಳ್ಳೆಯದೇ. ಆದರೆ ತೊಟ್ಟು ಮುರಿದರೆ ಹಾಲು ಬರುತ್ತದಲ್ಲ, ಅದು ಕಣ್ಣಿಗೆ ತಾಗಬಾರದು. ರಸ ಹಿಂಡಿ ಬಿಡುವುದಂತೂ ಬೇಡವೇ ಬೇಡ. ಹರಳೆಣ್ಣೆ ನೆತ್ತಿಗೆ ತಿಕ್ಕಿ ಅಭ್ಯಂಜನ ಮಾಡಿಸಿ, ಕಣ್ಣಿನೊಳಗೆ ಬಿಡಬೇಡಿ. ಅಂಗಡಿಯ ಎಣ್ಣೆ, ಗಾಣದ ಎಣ್ಣೆ ಯಾವುದೂ ಕಣ್ಣಿಗೆ ಬೇಕಾದಷ್ಟು ಶುದ್ಧ ಇರುವುದಿಲ್ಲ, ಸೋಂಕಾದರೆ ಕಪ್ಪುಗುಡ್ಡೆಯ ಮೇಲೆ ಹುಣ್ಣಾಗುತ್ತದೆ. ರೆಪ್ಪೆ ಅಂಟಂಟಾಗಿ ಉರಿಯುತ್ತಿದ್ದರೆ ತಂಪಿಗಿಂತ ಬಿಸಿ ಶಾಖ ಮೇಲು. ಶುಭ್ರ ಬಟ್ಟೆಯನ್ನು ಬಿಸಿ ನೀರಿನಲ್ಲಿ ಅದ್ದಿ ಹಿಂಡಿ, ಕೈಗೆ ಹಿತ ಅನ್ನಿಸುವಷ್ಟು ಬಿಸಿ ಇರುವಾಗ ಐದರಿಂದ ಹತ್ತು ನಿಮಿಷ ಇಡಲಿ. ರೆಪ್ಪೆ ಅಂಚಿನಲ್ಲಿ ಕಟ್ಟಿಕೊಂಡ ಎಣ್ಣೆ ಕರಗಿ ಬರುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪ್ ಎತ್ತರಕ್ಕೆ ಇಟ್ಟರೆ ಕೈ ನೋಯುತ್ತದೆ, ಕೆಳಗಿಟ್ಟರೆ ಕತ್ತು. ಎದುರಿಗೆ ಕಿಟಕಿ ಬೇರೆ. ಡಾರ್ಕ್ ಮೋಡ್ ಹಾಕಿದರೆ ಒಳ್ಳೆಯದಾ? — ಶಿರಸಿ

ಉತ್ತರ: ಡಾರ್ಕ್ ಮೋಡ್ ನಿಮ್ಮಿಷ್ಟ. ಅಡ್ಡ ಪವರ್ ಇರುವ ಕೆಲವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರ ಹರಡಿದಂತೆ ಕಾಣುತ್ತದೆ, ಹಾಗಿದ್ದರೆ ಬೇಡ. ಮೇಜನ್ನು ತಿರುಗಿಸಿ, ಕಿಟಕಿ ಎದುರಿಗೂ ಬೇಡ, ಬೆನ್ನಿಗೂ ಬೇಡ, ಪಕ್ಕಕ್ಕೆ ಬರಲಿ. ಪರದೆಯ ಬೆಳಕು ಕೋಣೆಯ ಬೆಳಕಿಗೆ ಹೊಂದುವಷ್ಟಿರಲಿ. ಮಳೆಗಾಲದಲ್ಲಿ ನಿಮ್ಮ ಕಡೆ ಮಧ್ಯಾಹ್ನವೇ ಕತ್ತಲಾಗುತ್ತದಲ್ಲ, ಆಗ ದೀಪ ಹಾಕದೆ ಪರದೆಯ ಬೆಳಕಲ್ಲೇ ಕೂರಬೇಡಿ. ಲ್ಯಾಪ್‌ಟಾಪಿನಲ್ಲಿ ಕೀಲಿಮಣೆಯೂ ಪರದೆಯೂ ಅಂಟಿಕೊಂಡೇ ಇರುವುದರಿಂದ ಎರಡೂ ಒಟ್ಟಿಗೆ ಸರಿಯಾದ ಎತ್ತರಕ್ಕೆ ಬರುವುದಿಲ್ಲ. ಒಂದು ಬೇರೆ ಕೀಬೋರ್ಡ್, ಒಂದು ಮೌಸ್ ತಗೊಳ್ಳಿ, ಲ್ಯಾಪ್‌ಟಾಪಿನ ಕೆಳಗೆ ದಪ್ಪ ಪುಸ್ತಕ ಜೋಡಿಸಿ ಎತ್ತರ ಮಾಡಿ. ಕುರ್ಚಿ ಬದಲಿಸುವ ಮೊದಲು ಇದನ್ನು ಮಾಡಿ ನೋಡಿ, ಖರ್ಚು ಕಡಿಮೆ.